ಕಲ್ಲಿಗೆ ಕಲ್ಲು: ಶಿಲಾಗೋಳದ ಪಾಠಕ್ಕೆ ನಾನು ಸಾಮಗ್ರಿ ಕೂಡಿಸಿದ ಬಗೆ

ಚಿತ್ರದುರ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಶಿಲಾಗೋಳ, ಅಂದರೆ ಭೂಮಿಯ ಗಟ್ಟಿ ಹೊರಪದರದ ಪಾಠಕ್ಕೆ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಹಲಗೆ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಷ್ಟೇ. ಕೈಗೆ ಕಲ್ಲು ಕೊಟ್ಟರೆ ಪ್ರಶ್ನೆಗಳು ಶುರುವಾಗುತ್ತವೆ. ಅಂಗಡಿಯಲ್ಲಿ ಸಿಗುವ ಶಿಲೆಗಳ ಪೆಟ್ಟಿಗೆ ನನಗೆ ಹಿಡಿಸಲಿಲ್ಲ. ಬೆರಳಿನಷ್ಟು ಚೂರು, ಮೇಲೊಂದು ನಂಬರು. ಯಾವ ಊರಿನ ಕಲ್ಲು ಅಂತ ಕೇಳಿದರೆ ಉತ್ತರವಿಲ್ಲ.

ಅದಕ್ಕೆ ತರಬೇತಿಗಳಲ್ಲಿ ಪರಿಚಯವಾದ ಶಿಕ್ಷಕರನ್ನೇ ಕೇಳಿದೆ: ನಿಮ್ಮೂರ ಕಲ್ಲು ಕೊಡಿ, ನಮ್ಮೂರ ಕಲ್ಲು ಕೊಡುತ್ತೇನೆ. ಕಲಬುರಗಿ ಕಡೆಯ ಮೇಡಂ ಒಬ್ಬರು ಮನೆಗೆ ನೆಲ ಹಾಸಿ ಮಿಕ್ಕಿದ್ದ ಶಹಾಬಾದ್ ಕಲ್ಲಿನ ತುಂಡು ಕಳಿಸಿದರು. ಬಾದಾಮಿ ಕಡೆಯಿಂದ ಕೆಂಪು ಮರಳುಗಲ್ಲು ಬಂತು, ಕರಾವಳಿಯಿಂದ ಮುರಕಲ್ಲು. ನಾನು ಜಲ್ಲಿ ರಾಶಿಯಿಂದ ಆರಿಸಿದ ಗ್ರಾನೈಟ್ ಕಳಿಸಿದೆ. ಪ್ರತಿ ಕಲ್ಲಿನ ಜೊತೆ ಒಂದು ಚೀಟಿ ಇರಲೇಬೇಕು ಅಂತ ಹಟ ಹಿಡಿದೆ: ಊರು, ಸಿಕ್ಕ ಜಾಗ, ಅಲ್ಲಿನ ಜನ ಅದನ್ನು ಯಾವುದಕ್ಕೆ ಬಳಸುತ್ತಾರೆ. ಚೀಟಿ ಇಲ್ಲದ ಕಲ್ಲು ಸುಮ್ನೆ ಜಾಗ ತಿನ್ನುತ್ತದೆ.

ಶಹಾಬಾದ್ ಕಲ್ಲಿನಿಂದ ಇಡೀ ಪೀರಿಯಡ್ ನಡೆಯುತ್ತದೆ. ಅದು ಸುಣ್ಣದ ಕಲ್ಲು. ಮೊಳೆಯಿಂದ ಕೆರೆದು, ಬಿದ್ದ ಪುಡಿಯ ಮೇಲೆ ನಿಂಬೆರಸ ಹಾಕಿದರೆ ಸಣ್ಣಗೆ ಗುಳ್ಳೆ ಏಳುತ್ತದೆ. ಅದು ಇಂಗಾಲದ ಡೈ ಆಕ್ಸೈಡ್. ಗ್ರಾನೈಟಿನ ಮೇಲೆ ಎಷ್ಟು ಹಿಂಡಿದರೂ ಏನೂ ಆಗಲ್ಲ. "ಸರ್, ಹಾಗಾದ್ರೆ ಈ ಕಲ್ಲಿನ ನೆಲದ ಮೇಲೆ ಹುಣಸೆಹುಳಿ ಚೆಲ್ಲಿದರೆ ಕಲೆ ಆಗೋದು ಇದಕ್ಕೇನಾ?" ಅಂತ ಒಬ್ಬಳು ಕೇಳಿದಳು. ನಾನು ಬರೆದುಕೊಂಡ ಪಾಠ ಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಈಗ ಇದೆ.

ಎಲ್ಲವನ್ನೂ ಒಡೆದು ತರುವ ಹಾಗಿಲ್ಲ. ನಮ್ಮ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಲಾವಾ ಇದೆ. ನೀರಿನೊಳಗೆ ಉಕ್ಕಿದ ಲಾವಾ ದಿಂಬುಗಳ ಹಾಗೆ ಗಟ್ಟಿಯಾದದ್ದು, ಸುಮಾರು 250 ಕೋಟಿ ವರ್ಷ ಹಳೆಯದು. ಈ ಒಣ ಸೀಮೆ ಒಂದು ಕಾಲಕ್ಕೆ ನೀರಿನಡಿ ಇತ್ತು ಅಂದರೆ ಮಕ್ಕಳು ನಂಬಲ್ಲ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಸುತ್ತಿಗೆ ಮುಟ್ಟಬಾರದು, ಫೋಟೊ ಮಾತ್ರ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಪೆನ್ನು ಇಡಿ. ಇಲ್ಲದಿದ್ದರೆ ಬಂಡೆಯೋ ಸಣ್ಣ ಕಲ್ಲೋ ಗೊತ್ತಾಗಲ್ಲ.

ಎಲ್ಲಿ ಯಾವ ಶಿಲೆ ಇದೆ ಅಂತ ಬಣ್ಣಗಳಲ್ಲಿ ತೋರಿಸುವ ನಕ್ಷೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣ ನೋಡಿ. ಹೆಸರು ನೋಂದಾಯಿಸಿದರೆ ಉಚಿತ. ಆದರೆ ವಿವರಗಳು ಇಂಗ್ಲಿಷಿನಲ್ಲಿ, ಬಣ್ಣಗಳೂ ಜಾಸ್ತಿ. ನಮ್ಮ ತಾಲ್ಲೂಕಿನ ಭಾಗವನ್ನಷ್ಟೇ ತೆಗೆದು, ನಾಲ್ಕೈದು ಬಣ್ಣಕ್ಕೆ ಇಳಿಸಿ, ಕನ್ನಡದಲ್ಲಿ ಹೆಸರು ಬರೆದೆ. ಕನ್ನಡದ್ದೇ ಪಾಠ ಸಾಮಗ್ರಿ ಬೇಕಾದರೆ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ತಾಣ ನೋಡಬಹುದು.

ಹಂಚುವಾಗ ದೊಡ್ಡ ತಲೆನೋವು ಫಾಂಟಿನದು. ಒಳ್ಳೊಳ್ಳೆ ಶಿಕ್ಷಕರ ಟಿಪ್ಪಣಿಗಳು ಹಳೆಯ ನುಡಿ ಫಾಂಟಿನಲ್ಲಿವೆ. ಇನ್ನೊಬ್ಬರ ಮೊಬೈಲಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ. ಗೂಗಲ್‌ನಲ್ಲಿ 'ಶಿಲಾಗೋಳ' ಅಂತ ಹುಡುಕಿದರೂ ಅಂಥ ಫೈಲು ಸಿಗಲ್ಲ. ಯಾವ ಮೊಬೈಲಿನಲ್ಲೂ ಕನ್ನಡ ಸರಿಯಾಗಿ ಕಾಣುವ ಯುನಿಕೋಡ್‌ಗೆ ಬದಲಾಯಿಸಿ ಕೊಡಿ, ಅದಕ್ಕೆ ಪರಿವರ್ತಕಗಳಿವೆ. ಪಿಡಿಎಫ್ ಜೊತೆ ತಿದ್ದಲು ಬರುವ ಫೈಲನ್ನೂ ಕೊಡಿ. ಬೀದರಿನ ಶಿಕ್ಷಕರಿಗೆ ನನ್ನ ಗ್ರಾನೈಟ್ ಉದಾಹರಣೆ ಯಾಕೆ? ಅವರು ಅದನ್ನು ತೆಗೆದು ತಮ್ಮ ಕಡೆಯ ಜಂಬಿಟ್ಟಿಗೆ ಕಲ್ಲನ್ನು (ಮುರಕಲ್ಲನ್ನು) ಹಾಕಿಕೊಳ್ಳಲಿ.

ನನ್ನ ಪೆಟ್ಟಿಗೆಯಲ್ಲಿ ಇನ್ನೂ ದಖ್ಖನ್ನಿನ ಬಸಾಲ್ಟ್, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲು, ಇಲ್ಲ. ವಿಜಯಪುರ, ಬೆಳಗಾವಿ ಕಡೆ ಇರುವವರು ಯಾರಾದರೂ ಒಂದು ಮುಷ್ಟಿ ಗಾತ್ರದ್ದು ಕಳಿಸಿಕೊಡಿ. ಗಾಳಿಗುಳ್ಳೆಯ ತೂತುಗಳಿರುವ ತುಂಡಾದರೆ ಇನ್ನೂ ಒಳ್ಳೆಯದು. ಬದಲಿಗೆ ಗ್ರಾನೈಟ್ ಕಳಿಸುತ್ತೇನೆ, ಚೀಟಿ ಸಮೇತ.