ಟ್ರಾವೆಲ್ ಟ್ರೈಲರ್ ಹೈವೇಯಲ್ಲಿ ಪಲ್ಟಿ ಹೊಡೆದರೆ: ಕೊಳ್ಳುವ ಮುಂಚೆ ಮತ್ತು ಎಳೆಯುವ ಮುಂಚೆ ನೋಡಬೇಕಾದ್ದು

ನಾನು ಕೊಲೊರಾಡೋದಲ್ಲಿ ಇನ್ಶೂರೆನ್ಸ್ ಕ್ಲೇಮ್‌ಗಳಿಗೆ ಹಾನಿ ಅಂದಾಜು ಹಾಕುವ ಕೆಲಸ ಮಾಡುತ್ತೇನೆ. ಪಕ್ಕದ ವಯೋಮಿಂಗ್‌ನ ಐ-80, ಐ-25 ರಸ್ತೆಗಳಲ್ಲಿ ಗಾಳಿಗೆ ಬಿದ್ದ ಟ್ರಾವೆಲ್ ಟ್ರೈಲರ್‌ಗಳು, ಅಂದರೆ ಕಾರು, ಪಿಕಪ್ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆಗಳು, ಕೊನೆಗೆ ಬಂದು ಸೇರುವ ಸಾಲ್ವೇಜ್ ಯಾರ್ಡ್‌ಗಳಲ್ಲಿ ಓಡಾಡುವುದೇ ನನ್ನ ದಿನಚರಿ. ಇತ್ತೀಚೆಗೆ ನಮ್ಮ ಕನ್ನಡದವರ ಮನೆ ಮುಂದೆಯೂ ಟ್ರೈಲರ್‌ಗಳು ಕಾಣಿಸುತ್ತಿವೆ. ಯೆಲ್ಲೋಸ್ಟೋನ್ ಹತ್ತಿರ ಬೇಸಿಗೆಯಲ್ಲಿ ಹೋಟೆಲ್ ಸಿಗುವುದಿಲ್ಲ. ಸಿಕ್ಕರೂ ಅಡುಗೆಗೆ ಜಾಗ ಇರುವುದಿಲ್ಲ. ಊರಿಂದ ಬಂದ ಅಪ್ಪ ಅಮ್ಮನಿಗೆ ಮೂರು ಹೊತ್ತೂ ಪಿಜ್ಜಾ ಕೊಡಕ್ಕಾಗುತ್ತಾ? ಕಾರಣ ನ್ಯಾಯವಾಗಿಯೇ ಇದೆ. ಆದರೆ ಕೊಳ್ಳಲು ಹೊರಟವರು ಫೋನ್ ಮಾಡಿ ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಯಾವುದು ಗಟ್ಟಿ?"

ನೇರವಾಗಿ ಹೇಳ್ತೀನಿ. ಹೈವೇ ವೇಗದಲ್ಲಿ ಪಲ್ಟಿ ಹೊಡೆದ ಮೇಲೆ ಯಾವ ಟ್ರಾವೆಲ್ ಟ್ರೈಲರ್ ಕೂಡ ಮತ್ತೆ ರಸ್ತೆಗೆ ಬರುವ ಸ್ಥಿತಿಯಲ್ಲಿ ಇರುವುದಿಲ್ಲ. ಕೆಲವು ಚೂರು ಚೂರಾಗುತ್ತವೆ, ಕೆಲವು ಆಕಾರ ಉಳಿಸಿಕೊಂಡು ಸಾಯುತ್ತವೆ. ವ್ಯತ್ಯಾಸ ಅಷ್ಟೇ. ನಿಮ್ಮ ದುಡ್ಡು, ಸಮಯ, ತಲೆಬಿಸಿ ಎಲ್ಲ ಅದನ್ನು ಬೀಳದ ಹಾಗೆ ಎಳೆಯುವ ಕಡೆಗೆ ಹೋಗಬೇಕು. ಗಟ್ಟಿ ಗೋಡೆ ಹುಡುಕುವುದು ಎರಡನೇ ಕೆಲಸ.

ಗೋಡೆಯೊಳಗೆ ಏನಿದೆ ನೋಡಿ

ಕಾರಿನ ಛಾವಣಿಗೆ ಅಮೆರಿಕದಲ್ಲಿ ಕಾನೂನು ಇದೆ. 6,000 ಪೌಂಡ್‌ವರೆಗಿನ ಗಾಡಿಯ ಛಾವಣಿ ತನ್ನ ತೂಕದ 3 ಪಟ್ಟು ಭಾರ ತಡೆಯಬೇಕು ಅಂತ 2009ರಲ್ಲಿ ನಿಯಮ ಬಿಗಿ ಮಾಡಿದರು. ಟ್ರಾವೆಲ್ ಟ್ರೈಲರ್‌ಗೆ ಈ ನಿಯಮ ಇಲ್ಲ. ಓಡುವಾಗ ಅದರೊಳಗೆ ಜನ ಇರಬಾರದು ಅನ್ನುವ ಲೆಕ್ಕದಲ್ಲೇ ಅದನ್ನು ಕಟ್ಟುತ್ತಾರೆ. ಬಾಗಿಲ ಪಕ್ಕ ಆರ್‌ವಿಐಎ (ಇಂಥ ವಾಹನ ಕಟ್ಟುವ ಕಂಪನಿಗಳ ಸಂಘ) ಅಂತ ಒಂದು ಸ್ಟಿಕ್ಕರ್ ಇರುತ್ತದಲ್ಲ, ಅದನ್ನು ತೋರಿಸಿ "ಸೇಫ್ಟಿ ಸರ್ಟಿಫೈಡ್ ಸಾರ್" ಅನ್ನುವ ಸೇಲ್ಸ್‌ಮನ್‌ಗಳಿದ್ದಾರೆ. ಅದು ವೈರಿಂಗ್, ಪ್ರೊಪೇನ್, ನಲ್ಲಿ ಪೈಪು, ಬೆಂಕಿ ಸುರಕ್ಷತೆಗೆ ಸಂಬಂಧಿಸಿದ್ದು. ಮಗುಚುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಯಾರ್ಡ್‌ನಲ್ಲಿ ಒಡೆದು ಬಿದ್ದ ಗೋಡೆಯನ್ನು ಹತ್ತಿರದಿಂದ ನೋಡಿದರೆ ಎಲ್ಲ ಅರ್ಥವಾಗುತ್ತದೆ. ಕಡಿಮೆ ಬೆಲೆಯ ಟ್ರೈಲರ್‌ನಲ್ಲಿ ಹೊರಗೆ ಗೀರು ಗೀರಾದ ತೆಳು ಅಲ್ಯೂಮಿನಿಯಂ ತಗಡು, ಒಳಗೆ ಒಂದೂವರೆ ಇಂಚು ಚೌಕದ ಮರದ ಪಟ್ಟಿಗಳು, ಮಧ್ಯೆ ಗುಲಾಬಿ ಬಣ್ಣದ ಫೈಬರ್‌ಗ್ಲಾಸ್ ಹತ್ತಿ, ಒಳಗೋಡೆಗೆ ಬೆರಳಲ್ಲಿ ಒತ್ತಿದರೆ ಬಾಗುವ ಪ್ಲೈವುಡ್. ಇದೆಲ್ಲ ಹಿಡಿದು ನಿಲ್ಲಿಸಿರುವುದು ಸ್ಟೇಪಲ್ ಪಿನ್ನು. ಪಕ್ಕಕ್ಕೆ ಬಿದ್ದ ಕೂಡಲೇ ಛಾವಣಿ ಮತ್ತು ಗೋಡೆ ಸೇರುವ ಮೂಲೆ ಬಾಯಿ ಬಿಡುತ್ತದೆ. ಆ ಮೂಲೆಯ ಮರವನ್ನು ಉಗುರಲ್ಲಿ ಕೆರೆದು ನೋಡಿ. ಎಷ್ಟೋ ಸಲ ಕಪ್ಪಾಗಿ, ಪುಡಿಪುಡಿಯಾಗಿ ಉದುರುತ್ತದೆ. ಛಾವಣಿಯ ಸೀಲಂಟ್ ಬಿರುಕು ಬಿಟ್ಟು, ಮಳೆ ನೀರು ಇಳಿದು, ಅಪಘಾತಕ್ಕೆ ಎಷ್ಟೋ ಮೊದಲೇ ಆ ಮೂಲೆ ಸತ್ತಿರುತ್ತದೆ.

ಲ್ಯಾಮಿನೇಟೆಡ್ ಗೋಡೆ ಸ್ವಲ್ಪ ಮೇಲು. ಅಲ್ಯೂಮಿನಿಯಂ ಚೌಕಟ್ಟು, ಫೋಮ್, ಮೇಲೆ ಫೈಬರ್‌ಗ್ಲಾಸ್ ಹಾಳೆ, ಎಲ್ಲ ಅಂಟಿಸಿ ಒತ್ತಿದ್ದು. ಒಂದೊಂದು ಗೋಡೆಯೂ ಗಟ್ಟಿ. ಆದರೆ ಗೋಡೆಗೆ ಗೋಡೆ ಸೇರಿಸಿರುವುದು ಸ್ಕ್ರೂ. ಹಾಗಾಗಿ ಬಿದ್ದಾಗ ಇಡೀ ಗೋಡೆ ಹಲಗೆಯಾಗಿ ಕಳಚಿ ಬರುತ್ತದೆ. ಸ್ಲೈಡ್-ಔಟ್ (ನಿಂತಾಗ ಹೊರಕ್ಕೆ ತಳ್ಳಿ ಜಾಗ ಹೆಚ್ಚಿಸುವ ಕೋಣೆಯ ಭಾಗ) ಇದ್ದರೆ ಗೋಡೆಯಲ್ಲಿ ದೊಡ್ಡ ಕಿಂಡಿ ಕೊರೆದಿದ್ದಾರೆ ಅಂತಲೇ ಲೆಕ್ಕ. ಆ ಕಡೆಗೆ ಬಿದ್ದರೆ ಸ್ಲೈಡ್ ಒಳಕ್ಕೆ ನುಗ್ಗುತ್ತದೆ, ಈ ಕಡೆಗೆ ಬಿದ್ದರೆ ಅದರ ಭಾರವೇ ಅದನ್ನು ಕೀಳುತ್ತದೆ.

ಇನ್ನೆರಡು ಜಾತಿ ಇವೆ. ಒಂದು, ಒಹಾಯೋದ ಜಾಕ್ಸನ್ ಸೆಂಟರ್‌ನಲ್ಲಿ ಕಟ್ಟುವ ಏರ್‌ಸ್ಟ್ರೀಮ್. ಅಲ್ಯೂಮಿನಿಯಂ ಪಕ್ಕೆಲುಬುಗಳ ಮೇಲೆ ತಗಡು ಹೊದಿಸಿ ರಿವೆಟ್ ಹೊಡೆದ, ವಿಮಾನದ ಮೈ ಕಟ್ಟುವ ಪದ್ಧತಿ. ಇನ್ನೊಂದು, ಸ್ಕ್ಯಾಂಪ್, ಕಸೀಟಾ, ಆಲಿವರ್ ತರಹದ, ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್‌ಗ್ಲಾಸ್ ಚಿಪ್ಪುಗಳು. ಎರಡು ಅರ್ಧ ಸೇರಿಸಿದರೆ ಮುಗೀತು, ಮೂಲೆಗಳೇ ಇಲ್ಲ. ನಾನು ನೋಡಿದ ಮಟ್ಟಿಗೆ ಈ ಎರಡೂ ಬಿದ್ದ ಮೇಲೂ ಟ್ರೈಲರ್ ಅಂತ ಗುರುತು ಸಿಗುತ್ತವೆ. ಸಾಮಾನು ರಸ್ತೆ ತುಂಬ ಚೆಲ್ಲುವುದು ಕಡಿಮೆ. ಒಳಗೆ ಮಾತ್ರ ಕಪಾಟುಗಳು ಕಿತ್ತು, ಫ್ರಿಜ್ ಬಂದು ಮಂಚದ ಮೇಲೆ ಕೂತಿರುತ್ತದೆ. ಏರ್‌ಸ್ಟ್ರೀಮ್ ನೋಡಲು ಚೆನ್ನಾಗಿಯೇ ಉಳಿದಿದ್ದರೂ ತಗಡು ಬದಲಿಸುವ ಕೂಲಿಯೇ ಎಷ್ಟೋ ಸಾವಿರ ಡಾಲರ್ ಆಗಿ ಕೊನೆಗೆ ಟೋಟಲ್ ಲಾಸ್ (ರಿಪೇರಿ ಮಾಡಿ ಗಿಟ್ಟದ್ದು) ಅಂತಲೇ ಬರೆಯುತ್ತೇವೆ.

ಇದರಿಂದ ಒಂದು ವಿಷಯ ಖಚಿತ: ಗಾಡಿ ಓಡುವಾಗ ಟ್ರೈಲರ್ ಒಳಗೆ ಯಾರೂ ಇರಬಾರದು. "ಅಮ್ಮನಿಗೆ ಸೊಂಟ ನೋವು, ಹಿಂದೆ ಮಲಗಿಕೊಂಡು ಬರಲಿ" ಅನ್ನುವ ಮಾತು ನನ್ನ ಕಿವಿಗೇ ಬಿದ್ದಿದೆ. ಬೇಡ. ಬಹುತೇಕ ರಾಜ್ಯಗಳಲ್ಲಿ ಕಾನೂನೂ ಒಪ್ಪುವುದಿಲ್ಲ. ನಾಯಿ, ಬೆಕ್ಕನ್ನು ಕೂಡ ಮುಂದಿನ ಗಾಡಿಯಲ್ಲೇ ಕರೆದುಕೊಂಡು ಹೋಗಿ.

ತೂಕ ಎಲ್ಲಿ ಇಡುತ್ತೀರಿ ಅನ್ನುವುದೇ ಮುಖ್ಯ

ಸುಮ್ನೆ ನಿಂತ ಟ್ರೈಲರ್ ಬೀಳಬೇಕಾದರೆ ಭಾರಿ ಗಾಳಿ ಬೇಕು. ಓಡುವ ಟ್ರೈಲರ್ ಬೀಳಲು ಅಷ್ಟು ಬೇಡ. ಮೊದಲು ಬಾಲ ಅಲ್ಲಾಡುತ್ತದೆ, ಆಮೇಲೆ ಬೀಳುತ್ತದೆ. ಪ್ರತಿ ಜೋಡಿಗೂ, ಅಂದರೆ ನಿಮ್ಮ ಗಾಡಿ ಮತ್ತು ಟ್ರೈಲರ್‌ಗೆ, ಒಂದು ಮಿತಿ ವೇಗ ಇರುತ್ತದೆ. ಅದಕ್ಕಿಂತ ಕೆಳಗೆ ಇದ್ದರೆ ಅಲ್ಲಾಟ ತಾನಾಗಿಯೇ ಸಾಯುತ್ತದೆ. ಮೇಲೆ ಹೋದರೆ ಒಂದೊಂದು ಅಲ್ಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಆ ವೇಗ 80 ಮೈಲಿ ಇರಬೇಕೋ 60 ಇರಬೇಕೋ ಅನ್ನುವುದನ್ನು ನೀವು ಸಾಮಾನು ಜೋಡಿಸುವಾಗಲೇ ನಿರ್ಧರಿಸುತ್ತೀರಿ.

ಸೈಕಲ್ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆಯನ್ನು ಹಿಂದಕ್ಕೆ ಜಾಸ್ತಿ ಸರಿಸಿ ಕಟ್ಟಿದರೆ ಹ್ಯಾಂಡಲ್ ಹೇಗೆ ಹಗುರವಾಗಿ ಓಲಾಡುತ್ತದೆ ಗೊತ್ತಲ್ವಾ? ಇಲ್ಲೂ ಹಾಗೇ. ಟ್ರೈಲರ್ ತೂಕದಲ್ಲಿ 10ರಿಂದ 15 ಶೇಕಡಾ ಹಿಚ್ (ಗಾಡಿ ಹಿಂದೆ ಟ್ರೈಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂತಿರಬೇಕು. ಅದನ್ನೇ ಟಂಗ್ ವೇಟ್ ಅನ್ನುತ್ತಾರೆ. 6,000 ಪೌಂಡ್ ಟ್ರೈಲರ್‌ಗೆ 600ರಿಂದ 900. ನಾನಾದರೆ 12-13 ಶೇಕಡಾ ಇಟ್ಟುಕೊಳ್ಳುತ್ತೇನೆ. 10ರ ಅಂಚಿನಲ್ಲಿ ಹೊರಟರೆ ದಾರಿಯಲ್ಲಿ ಒಂದು ಟ್ಯಾಂಕ್ ತುಂಬಿದರೂ ಲೆಕ್ಕ ತಪ್ಪುತ್ತದೆ.

ನಮ್ಮವರ ಟ್ರೈಲರ್‌ಗಳಲ್ಲಿ ಒಂದು ವಿಶೇಷ ತೊಂದರೆ ಇದೆ. ಅಡುಗೆಮನೆ ಹಿಂದೆ ಇರುವ ಮಾಡೆಲ್ ನಮಗೆ ಇಷ್ಟ, ಯಾಕೆಂದರೆ ಅಲ್ಲಿ ಜಾಗ ಜಾಸ್ತಿ. ಅಲ್ಲಿಗೆ 20 ಪೌಂಡ್‌ನ ಸೋನಾ ಮಸೂರಿ ಚೀಲ, ಕಲ್ಲಿನ ಗ್ರೈಂಡರ್, ಎರಡು ಕುಕ್ಕರ್, ಸ್ಟೀಲ್ ಪಾತ್ರೆ, ಎಣ್ಣೆ ಕ್ಯಾನು, ನೀರಿನ ಬಾಟಲ್ ಕೇಸುಗಳು ಸೇರುತ್ತವೆ. 150 ಪೌಂಡ್ ಆಗುವುದು ಏನೂ ಕಷ್ಟವಿಲ್ಲ. ಆಕ್ಸಲ್‌ನಿಂದ 10 ಅಡಿ ಹಿಂದೆ 150 ಪೌಂಡ್ ಇಟ್ಟರೆ, ಆಕ್ಸಲ್‌ನಿಂದ 14 ಅಡಿ ಮುಂದಿರುವ ಹಿಚ್ ಮೇಲಿನ ಭಾರ 100 ಪೌಂಡ್‌ಗಿಂತ ಜಾಸ್ತಿ ಇಳಿಯುತ್ತದೆ. ಇದರ ಮೇಲೆ ಹಿಂದಿನ ಬಂಪರ್‌ಗೆ ಸೈಕಲ್ ರ್‍ಯಾಕ್ ಬೇರೆ. ಆ ಬಂಪರ್ ಬಹಳಷ್ಟು ಟ್ರೈಲರ್‌ಗಳಲ್ಲಿ ಟೊಳ್ಳು ಕೊಳವೆ, ಕೊಳಕು ನೀರಿನ ಪೈಪು ಇಡಲು ಮಾಡಿದ್ದು. ಅಕ್ಕಿ, ಗ್ರೈಂಡರ್, ಕುಕ್ಕರ್ ಎಲ್ಲ ಆಕ್ಸಲ್ ಮೇಲಕ್ಕೆ, ನೆಲಕ್ಕೆ ಹತ್ತಿರವಾಗಿ, ಬೆಲ್ಟ್ ಹಾಕಿ ಕಟ್ಟಿ. ಮೇಲಿನ ಕಪಾಟಿನಲ್ಲಿ ಚಿಪ್ಸ್ ಪೊಟ್ಟಣ, ಟವೆಲ್ಲು ಇರಲಿ. ಎತ್ತರದಲ್ಲಿ ತೂಕ ಇದ್ದರೆ ಮಗುಚುವುದು ಸುಲಭ. ಛಾವಣಿಯ ಮೇಲೆ ಎಸಿ ಯಂತ್ರ ಬೇರೆ ಕೂತಿರುತ್ತದೆ ಅನ್ನುವುದನ್ನು ಮರೆಯಬೇಡಿ.

ನೀರಿನ ಟ್ಯಾಂಕ್ ಎಲ್ಲಿದೆ ಅಂತ ಬಗ್ಗಿ ನೋಡಿ. ಒಂದು ಗ್ಯಾಲನ್ ನೀರು 8.3 ಪೌಂಡ್. 40 ಗ್ಯಾಲನ್ ಟ್ಯಾಂಕ್ ಆಕ್ಸಲ್‌ಗಿಂತ ಹಿಂದೆ ಇದ್ದರೆ ಖಾಲಿ ಮಾಡಿಕೊಂಡೇ ಹೊರಡಿ, ಕ್ಯಾಂಪ್‌ಗೆ ಹೋಗಿ ತುಂಬಿಸಿಕೊಳ್ಳಬಹುದು.

ಇಷ್ಟೆಲ್ಲ ಕಣ್ಣಂದಾಜಲ್ಲಿ ಆಗುವುದಿಲ್ಲ. ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ, ಇಡೀ ಗಾಡಿ ತೂಗುವ ತಕ್ಕಡಿ ಇರುತ್ತದೆ. ಸಾಮಾನು, ಮಕ್ಕಳು, ಪೆಟ್ರೋಲು ಎಲ್ಲ ತುಂಬಿಕೊಂಡು ಒಮ್ಮೆ ಟ್ರೈಲರ್ ಜೊತೆ ತೂಗಿ, ಟ್ರೈಲರ್ ಬಿಚ್ಚಿ ಗಾಡಿ ಮಾತ್ರ ಇನ್ನೊಮ್ಮೆ ತೂಗಿ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನ (ಕೊಂಡಿ ಮೇಲಿನ ಭಾರವನ್ನು ಉಳಿದ ಚಕ್ರಗಳಿಗೂ ಹಂಚುವಂಥದ್ದು) ಸಲಾಕೆಗಳು ಇದ್ದರೆ ಮೊದಲ ತೂಕಕ್ಕೆ ಅವನ್ನು ಸಡಿಲ ಬಿಡಿ. ಗಾಡಿಯ ಎರಡು ತೂಕಗಳ ವ್ಯತ್ಯಾಸವೇ ಟಂಗ್ ವೇಟ್. ಆಮೇಲೆ ಡ್ರೈವರ್ ಬಾಗಿಲ ಚೌಕಟ್ಟಿನ ಹಳದಿ-ಬಿಳಿ ಸ್ಟಿಕ್ಕರ್ ಓದಿ. ಜಾಹೀರಾತಿನಲ್ಲಿ "9,000 ಪೌಂಡ್ ಎಳೆಯುತ್ತದೆ" ಅಂದ ಪಿಕಪ್‌ನ ಬಾಗಿಲಲ್ಲಿ 1,500 ಪೌಂಡ್ ಹೊರಬಹುದು ಅಂತ ಬರೆದಿರುತ್ತದೆ. ಆ 1,500ರಲ್ಲಿ ಐದು ಜನ, ಹಿಚ್, ಟಂಗ್ ವೇಟ್ ಎಲ್ಲ ಬರಬೇಕು. ಸಾಮಾನ್ಯವಾಗಿ ಮೊದಲು ಮುಗಿಯುವುದು ಈ ಲೆಕ್ಕವೇ.

ಹಿಚ್, ಬ್ರೇಕ್, ಟೈರು

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿ, ಅಲ್ಲಾಟ ತಡೆಯುವ ಘರ್ಷಣೆ ಇರುವಂಥದ್ದು. ಅದು ಕೆಟ್ಟ ಜೋಡಣೆಯನ್ನು ಸರಿ ಮಾಡುವುದಿಲ್ಲ, ಮುಚ್ಚಿಡುತ್ತದೆ. ಆದ್ದರಿಂದ ತೂಕ ಮೊದಲು, ಹಿಚ್ ಆಮೇಲೆ. ಬ್ರೇಕ್ ಕಂಟ್ರೋಲರ್‌ನಲ್ಲಿ ಟ್ರೈಲರ್ ಬ್ರೇಕ್ ಮಾತ್ರ ಹಿಡಿಯುವ ಒಂದು ಲಿವರ್ ಅಥವಾ ಗುಂಡಿ ಇರುತ್ತದೆ. ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ನೋಡದೇ ಕೈ ಅಲ್ಲಿಗೆ ಹೋಗುವವರೆಗೂ ಅಭ್ಯಾಸ ಮಾಡಿ. ಡ್ರೈವ್ ಮಾಡುವ ಗಂಡ ಹೆಂಡತಿ ಇಬ್ಬರೂ.

ಟೈರ್ ಒಡೆದು ಅಲ್ಲಾಟ ಶುರುವಾದ ಕೇಸುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಟೈರ್ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರದ್ದು. ಐದಾರು ವರ್ಷ ದಾಟಿದರೆ ಗೀಟು ಎಷ್ಟೇ ಚೆನ್ನಾಗಿರಲಿ, ಬದಲಿಸಿ. ಚಕ್ರ ಬಿಚ್ಚಿ ಹಾಕಿದ ಮೇಲೆ 10, 25, 50 ಮೈಲಿಗೆ ನಟ್ ಬಿಗಿ ನೋಡಬೇಕು. ಇದು ಆಕ್ಸಲ್ ಕಂಪನಿಯ ಪುಸ್ತಕದಲ್ಲೇ ಇದೆ.

ಗಾಳಿ

24 ಅಡಿ ಉದ್ದ, 8 ಅಡಿ ಎತ್ತರದ ಗೋಡೆ ಮೇಲೆ 60 ಮೈಲಿ ವೇಗದ ಅಡ್ಡಗಾಳಿ ಹೆಚ್ಚುಕಮ್ಮಿ 2,000 ಪೌಂಡ್ ಬಲದಲ್ಲಿ ತಳ್ಳುತ್ತದೆ. ಗಾಳಿ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. 5,000 ಪೌಂಡ್‌ನ ಖಾಲಿ ಟ್ರೈಲರ್‌ಗೆ 70 ಮೈಲಿಯ ಒಂದು ಬೀಸು ಬಂದರೆ ಒಂದು ಪಕ್ಕದ ಚಕ್ರಗಳು ನೆಲ ಬಿಡುವ ಲೆಕ್ಕ ಸಿಗುತ್ತದೆ. ಲಾರಮಿಯಿಂದ ರಾಲಿನ್ಸ್‌ವರೆಗಿನ ಐ-80ಯಲ್ಲಿ, ಅದರಲ್ಲೂ ಆರ್ಲಿಂಗ್ಟನ್, ಎಲ್ಕ್ ಮೌಂಟನ್ ಹತ್ತಿರ, ಇಂಥ ಗಾಳಿ ಅಪರೂಪವಲ್ಲ. ಐ-25ರಲ್ಲಿ ವೀಟ್‌ಲ್ಯಾಂಡ್ ಸುತ್ತಮುತ್ತ ಕೂಡ. ವಯೋಮಿಂಗ್ ಸಾರಿಗೆ ಇಲಾಖೆ ಇಂಥ ದಿನ ಹಗುರ, ಎತ್ತರದ ವಾಹನಗಳಿಗೆ ಮಾತ್ರ ರಸ್ತೆ ಮುಚ್ಚುತ್ತದೆ. ಆ ಬೋರ್ಡ್ ಟ್ರಕ್ಕಿನವರಿಗೆ ಅಂದುಕೊಂಡು ಮುಂದೆ ಹೋಗುವವರು ಇದ್ದಾರೆ. ಅದು ನಿಮಗೇ. ರಸ್ತೆ ಸ್ಥಿತಿ ಹೇಳುವ 511ಕ್ಕೆ ಫೋನ್ ಮಾಡಿ ಕೇಳಿ. ಬೀಸು 40 ಮೈಲಿ ದಾಟುತ್ತದೆ ಅಂದರೆ ನಾನು ಲಾರಮಿಯಲ್ಲೇ ನಿಂತು ಟೀ ಮಾಡಿಕೊಳ್ಳುತ್ತೇನೆ. ಬೆಳಗಿನ ಜಾವ ಗಾಳಿ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಆಗ ಹೊರಡಬಹುದು.

ವೇಗ 60-65ರಲ್ಲಿ ಇರಲಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರಿಗೆ ಕಾನೂನೇ 55. ಇಳಿಜಾರಿನಲ್ಲಿ ವೇಗ ಏರಿ, ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಅಲ್ಲಾಟ ಶುರುವಾಗುವುದು ಜಾಸ್ತಿ.

ಶುರುವಾದರೆ ಸ್ಟೀರಿಂಗ್ ನೇರ ಹಿಡಿಯಿರಿ. ಅಲ್ಲಾಟಕ್ಕೆ ಎದುರಾಗಿ ತಿರುಗಿಸಲು ಹೋಗಬೇಡಿ. ನಮ್ಮ ಕೈ ಯಾವಾಗಲೂ ತಡವಾಗಿಯೇ ತಿರುಗುತ್ತದೆ, ಅದು ಅಲ್ಲಾಟವನ್ನು ಹೆಚ್ಚಿಸುತ್ತದೆ. ಕಾಲಿನ ಬ್ರೇಕ್ ತುಳಿಯಬೇಡಿ. ಆಕ್ಸಲರೇಟರ್ ಬಿಟ್ಟು, ಟ್ರೈಲರ್ ಬ್ರೇಕ್‌ನ ಲಿವರ್ ಮಾತ್ರ ಒತ್ತಿ. ಹಿಂದಿನಿಂದ ಎಳೆತ ಬಿದ್ದ ಕೂಡಲೇ ಜೋಡಿ ನೇರವಾಗುತ್ತದೆ. ಸರಿಯಾದ ಮೇಲೆ ಪಕ್ಕಕ್ಕೆ ನಿಲ್ಲಿಸಿ, ಯಾಕಾಯಿತು ಅಂತ ಹುಡುಕದೆ ಮತ್ತೆ ಹೊರಡಬೇಡಿ.

ಬಿದ್ದೇ ಹೋದರೆ

ಹಿಚ್ ಕೆಲವೊಮ್ಮೆ ತಿರುಚಿ ಕಳಚಿಕೊಳ್ಳುತ್ತದೆ, ಮುಂದಿನ ಗಾಡಿ ನಿಂತೇ ಇರುತ್ತದೆ. ಕೆಲವೊಮ್ಮೆ ಅದನ್ನೂ ಎಳೆದು ಹಾಕುತ್ತದೆ. ಅದಕ್ಕೇ ಮುಂದಿನ ಗಾಡಿಯಲ್ಲಿ ಎಲ್ಲರಿಗೂ ಬೆಲ್ಟು, ಮಕ್ಕಳಿಗೆ ಸೀಟು ಸರಿಯಾಗಿ ಇರಲೇಬೇಕು. ಎಂಜಿನ್ ಆಫ್ ಮಾಡಿ, ಟ್ರಾಫಿಕ್ ನೋಡಿ ಇಳಿದು, ಗಾರ್ಡ್‌ರೈಲ್ ಆಚೆ ಹೋಗಿ ನಿಲ್ಲಿ. 911ಕ್ಕೆ ಮೈಲ್ ಮಾರ್ಕರ್ ನಂಬರ್ ಹೇಳಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಪ್ರೊಪೇನ್ ಸೋರುತ್ತಿದೆ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ. ಚರಂಡಿ ಕಡೆ ನಿಲ್ಲಬೇಡಿ. ವಾಸನೆ ಇಲ್ಲದೆ ಸಿಲಿಂಡರ್ ಕೈಗೆ ಸಿಗುವಂತಿದ್ದರೆ ಮಾತ್ರ ವಾಲ್ವ್ ಮುಚ್ಚಿ. ಪಾಸ್‌ಪೋರ್ಟ್ ಒಳಗಿದೆ ಅಂತ ಮುರಿದ ಬಾಗಿಲಲ್ಲಿ ನುಗ್ಗಬೇಡಿ. ಅಂಥ ಕಾಗದಗಳು ಯಾವಾಗಲೂ ಮುಂದಿನ ಗಾಡಿಯಲ್ಲೇ ಇರಲಿ. ಲಿಥಿಯಂ ಬ್ಯಾಟರಿ ಎಲ್ಲಿದೆ ಅಂತ ಫೈರ್‌ನವರಿಗೆ ತಿಳಿಸಿ.

ಪಾಲಿಸಿ ಈಗಲೇ ತೆಗೆದು ಓದಿ. ಟ್ರೈಲರ್ ಬೇರೆಯವರಿಗೆ ಮಾಡಿದ ಹಾನಿ ಸಾಮಾನ್ಯವಾಗಿ ಎಳೆಯುವ ಗಾಡಿಯ ಪಾಲಿಸಿಯಲ್ಲಿ ಬರುತ್ತದೆ, ಟ್ರೈಲರ್‌ನ ಸ್ವಂತ ಹಾನಿಗೆ ಬೇರೆ ಪಾಲಿಸಿ ಬೇಕು. ಅದರಲ್ಲಿ ಆ ದಿನದ ಮಾರುಕಟ್ಟೆ ಬೆಲೆ ಕೊಡುತ್ತಾರೋ, ಮೊದಲೇ ಒಪ್ಪಿದ ಬೆಲೆಯೋ ನೋಡಿ. ಹೊಸ ಟ್ರೈಲರ್ ಬೆಲೆ ಬೇಗ ಇಳಿಯುವುದರಿಂದ ಎರಡರ ನಡುವೆ ಅಂತರ ದೊಡ್ಡದು. ರಸ್ತೆ ಮೇಲೆ ಚೆಲ್ಲಿದ್ದನ್ನು ಎತ್ತಿ ಸಾಗಿಸುವ ಖರ್ಚು ಸೇರಿದೆಯಾ ಅಂತಲೂ ಕೇಳಿ. ಆ ಬಿಲ್ ಸಾವಿರಗಳಲ್ಲಿ ಬರುತ್ತದೆ.

ಹಳೆಯ ಟ್ರೈಲರ್ ಕೊಳ್ಳುವವರಿಗೆ ಇನ್ನೊಂದು ವಿಷಯ. ಬಿದ್ದದ್ದನ್ನು ಮೇಲ್ಮೇಲೆ ರಿಪೇರಿ ಮಾಡಿ ಮಾರುವವರಿದ್ದಾರೆ. ಟೈಟಲ್‌ನಲ್ಲಿ, ಅಂದರೆ ಮಾಲೀಕತ್ವದ ಕಾಗದದಲ್ಲಿ, ಸಾಲ್ವೇಜ್ (ಹಿಂದೆ ಟೋಟಲ್ ಲಾಸ್ ಆದದ್ದು) ಅಂತ ಇದೆಯಾ ನೋಡಿ. ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ಛಾವಣಿಯ ಅಂಚು ನೇರ ಇದೆಯಾ ನೋಡಿ. ಒಂದು ಪಕ್ಕದ ಕಿಟಕಿಗಳು ಮಾತ್ರ ಹೊಸದಾಗಿದ್ದರೆ ಯಾಕೆ ಅಂತ ಕೇಳಿ. ಕಪ್ಲರ್ (ಹಿಚ್‌ಗೆ ಕೂರುವ ಟ್ರೈಲರ್‌ನ ಮೂತಿ) ಒಳಗೆ, ಎ ಆಕಾರದ ಫ್ರೇಮಿನ ಬೆಸುಗೆ ಹತ್ತಿರ, ಹೊಸ ಬಣ್ಣ ಬಳಿದಿದ್ದರೆ ಉಗುರಲ್ಲಿ ಕೆರೆದು ನೋಡಿ. ಕೊನೆಗೆ ಟ್ರೈಲರನ್ನು ಜ್ಯಾಕ್ ಮೇಲೆ ಸಮವಾಗಿ ನಿಲ್ಲಿಸಿ ಬಾಗಿಲು ಹಾಕಿ ತೆಗೆದು ಮಾಡಿ. ಭುಜ ಕೊಟ್ಟು ತಳ್ಳಿದರೆ ಮಾತ್ರ ಬಾಗಿಲು ಮುಚ್ಚುತ್ತದೆ ಅಂದರೆ ಚೌಕಾಸಿಗೆ ಕೂರಬೇಡಿ, ಸುಮ್ನೆ ಮನೆಗೆ ಬನ್ನಿ.