ಮೀಟರಿನಲ್ಲಿ 12 ವೋಲ್ಟ್ ಇದೆ, ಟ್ರೇಲರ್ ಲೈಟ್ ಮಾತ್ರ ಉರಿಯಲ್ಲ

ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ. ಟೈಲ್ ಲೈಟ್ ಹಾಕಿಕೊಂಡು ಬ್ರೇಕ್ ತುಳಿದರೆ ಇದ್ದ ಟೈಲ್ ಲೈಟೂ ಆರಿಹೋಗುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಮಂಡ್ಯದ ಕಡೆಯ ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ನನಗೆ ಪದೇ ಪದೇ ಸಿಗುವ ದೂರು ಇದು. ನನ್ನ ಹತ್ತಿರ ಬರುವಷ್ಟರಲ್ಲಿ ಬಲ್ಬ್ ಬದಲಾಗಿರುತ್ತದೆ, ಇಂಡಿಕೇಟರ್ ಮಿನುಗಿಸುವ ಫ್ಲ್ಯಾಶರೂ ಬದಲಾಗಿರುತ್ತದೆ. ಎರಡೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಅರ್ತ್, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ.

ಹಿಂದಿನ ಲ್ಯಾಂಪಿನ ಬ್ರೇಕ್, ಟೈಲ್, ಇಂಡಿಕೇಟರ್ ಮೂರಕ್ಕೂ ವಾಪಸ್ ಹೋಗುವ ದಾರಿ ಒಂದೇ. ಆ ದಾರಿ ಕಡಿದರೆ ಬ್ರೇಕ್ ಫಿಲಮೆಂಟಿಗೆ (ಬಲ್ಬಿನೊಳಗೆ ಉರಿಯುವ ತಂತಿಗೆ) ಬಂದ ಕರೆಂಟ್ ಸುಮ್ಮನೆ ನಿಲ್ಲುವುದಿಲ್ಲ. ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಅದರ ವೈರ್ ಹಿಡಿದು ಹಿಂದಕ್ಕೆ ಓಡಿ, ಟ್ರ್ಯಾಕ್ಟರಿನ ಇಂಡಿಕೇಟರ್ ಬಲ್ಬಿನ ಮೂಲಕ ಅರ್ತ್ ಹುಡುಕಿಕೊಳ್ಳುತ್ತದೆ. ಸಾಲಾಗಿ ಎರಡು ಮೂರು ಬಲ್ಬ್ ದಾಟುವುದರಿಂದ ಎಲ್ಲವೂ ಮಂಕು. ಟೈಲ್ ಆರುವುದಕ್ಕೂ ಕಾರಣ ಇದೇ: ಟೈಲ್ ಫಿಲಮೆಂಟಿನ ಒಂದು ತುದಿಯಲ್ಲಿ ಮೊದಲೇ 12 ವೋಲ್ಟ್ ಇದೆ, ಈಗ ಬ್ರೇಕ್ ಕಡೆಯಿಂದ ಇನ್ನೊಂದು ತುದಿಗೂ ಹೆಚ್ಚುಕಡಿಮೆ ಅಷ್ಟೇ ಬಂತು. ಎರಡೂ ಕಡೆ ಸಮ ಇದ್ದರೆ ಕರೆಂಟ್ ಹರಿಯುವುದೆಲ್ಲಿಂದ? ಈ ಲಕ್ಷಣ ಒಂದು ಬದಿಯ ಲ್ಯಾಂಪಿನಲ್ಲಿ ಮಾತ್ರ ಇದ್ದರೆ ಆ ಲ್ಯಾಂಪಿನ ಅರ್ತ್ ಹೋಗಿದೆ. ಎರಡೂ ಬದಿಯಲ್ಲಿದ್ದರೆ, ಟ್ರೇಲರ್ ವೈರನ್ನು ಟ್ರ್ಯಾಕ್ಟರಿನ ಸಾಕೆಟ್ಟಿಗೆ ಸೇರಿಸುವ ಪ್ಲಗ್ಗಿನ ಹತ್ತಿರ, ಎರಡೂ ಬದಿಗೆ ಸೇರಿ ಇರುವ ಒಂದೇ ಅರ್ತ್ ನೋಡಬೇಕು.

ಇಲ್ಲಿ ವೋಲ್ಟ್ ಅಳೆಯುವ ಮೀಟರ್ ದಾರಿ ತಪ್ಪಿಸುತ್ತದೆ. ಬಲ್ಬ್ ತೆಗೆದು ಹೋಲ್ಡರಿಗೆ ಮೀಟರ್ ಇಟ್ಟರೆ, ವೈರಿನ ಇಪ್ಪತ್ತು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ 12 ವೋಲ್ಟ್ ತೋರಿಸುತ್ತದೆ. ಮೀಟರ್ ಕರೆಂಟನ್ನೇ ಎಳೆಯುವುದಿಲ್ಲವಲ್ಲ. ನಲ್ಲಿ ಮುಚ್ಚಿದ್ದಾಗ ಪೈಪಿನಲ್ಲಿ ಕಸ ಕಟ್ಟಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ತಿರುಗಿಸಿದ ಮೇಲೇ ಬಣ್ಣ ಬಯಲು. ಅದಕ್ಕೇ ನಾನು ಮೊದಲು ಕೈಗೆ ತೆಗೆದುಕೊಳ್ಳುವುದು 21 ವ್ಯಾಟ್ ಬಲ್ಬ್, ಒಂದು ಹೋಲ್ಡರ್, ಎರಡು ವೈರ್, ತುದಿಗೆ ಕ್ರಾಕಡೈಲ್ ಕ್ಲಿಪ್ ಹಾಕಿದ ಟೆಸ್ಟ್ ಲ್ಯಾಂಪ್. ಅದು ಒಂದೂಮುಕ್ಕಾಲು ಆಂಪ್ ಎಳೆಯುತ್ತದೆ. ಕಿಲುಬು ಹಿಡಿದ ಜಾಯಿಂಟ್ ಅಷ್ಟನ್ನು ಕೊಡಲಾರದೆ ಅಲ್ಲೇ ಸಿಕ್ಕಿಬೀಳುತ್ತದೆ. ಎಲ್ಇಡಿ ಇರುವ ಟೆಸ್ಟ್ ಪೆನ್ ಈ ಕೆಲಸಕ್ಕೆ ಬಾರದು, ಅದೂ ಮೀಟರಿನ ಹಾಗೆಯೇ ಹೆಚ್ಚು ಎಳೆಯುವುದಿಲ್ಲ.

ಕೆಲಸಕ್ಕೆ ಇಳಿಯುವ ಮುಂಚೆ ಎರಡು ವಿಷಯ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.4ರಿಂದ 12.6 ವೋಲ್ಟ್ ಇರಬೇಕು, 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ ಆಮೇಲೆ ಲೈಟ್ ನೋಡಿ. ಎರಡನೆಯದು, ಪ್ಲಗ್ ಕಿತ್ತು ಟ್ರ್ಯಾಕ್ಟರಿನ ಲೈಟುಗಳನ್ನಷ್ಟೇ ಹಾಕಿ. ಅವು ನೆಟ್ಟಗಿದ್ದರೆ ತೊಂದರೆ ಸಾಕೆಟ್ಟಿನಿಂದ ಹಿಂದಕ್ಕೆ.

ಆಮೇಲೆ ಅರ್ತ್ ಹುಡುಕಾಟ. 10 ಮೀಟರ್ ಉದ್ದದ ವೈರ್ ಒಂದಕ್ಕೆ ಕ್ಲಿಪ್ ಹಾಕಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಕಚ್ಚಿಸಿ, ಇನ್ನೊಂದು ತುದಿಯನ್ನು ಮೀಟರಿನ ಕಪ್ಪು ಕಡ್ಡಿಗೆ ಸುತ್ತುತ್ತೇನೆ. ಒಬ್ಬರು ಸೀಟಿನಲ್ಲಿ ಕೂತು ಬ್ರೇಕ್ ತುಳಿದುಕೊಂಡೇ ಇರಬೇಕು. ಲೈಟ್ ಉರಿಯುತ್ತಿರುವಾಗಲೇ ಅಳೆಯಬೇಕು, ಆರಿಸಿ ಅಳೆದರೆ ಪ್ರಯೋಜನವಿಲ್ಲ. ಕೆಂಪು ಕಡ್ಡಿಯನ್ನು ಮೊದಲು ಬಲ್ಬಿನ ಹಿತ್ತಾಳೆ ಬುಡಕ್ಕೆ ಇಡಿ. ಅರ್ಧ ವೋಲ್ಟಿನೊಳಗೆ ಬಂದರೆ ಅರ್ತ್ ಚೆನ್ನಾಗಿದೆ. ಒಂದು ವೋಲ್ಟ್ ದಾಟಿದರೆ ಅಲ್ಲಿಂದ ಮುಂದಕ್ಕೆ ಒಂದೊಂದೇ ಹೆಜ್ಜೆ: ಹೋಲ್ಡರಿನ ತಗಡು, ಲ್ಯಾಂಪ್ ಕೂರಿಸಿದ ಬೋಲ್ಟ್, ಟ್ರೇಲರ್ ಚಾಸಿ, ಪ್ಲಗ್ಗಿನ ಅರ್ತ್ ಪಿನ್ನು, ಸಾಕೆಟ್ಟಿನ ಅರ್ತ್ ಸ್ಕ್ರೂ, ಟ್ರ್ಯಾಕ್ಟರ್ ಬಾಡಿ. ಒಂದು ಕಡೆ ಮೂರು ನಾಲ್ಕು ವೋಲ್ಟ್ ಇದ್ದದ್ದು ಮುಂದಿನ ಹೆಜ್ಜೆಗೆ ಸಟ್ಟನೆ ಕಾಲು ವೋಲ್ಟಿಗೆ ಇಳಿದರೆ, ಕಳ್ಳ ಆ ಎರಡು ಜಾಗದ ನಡುವೆಯೇ ಇದ್ದಾನೆ. ಬೇರೆಲ್ಲೂ ಬಿಚ್ಚಬೇಡಿ.

ಹೆಚ್ಚಾಗಿ ಸಿಗುವ ಜಾಗ ಲ್ಯಾಂಪಿನ ಬೋಲ್ಟ್. ಹಂಗಾಮಿಗೆ ಮುಂಚೆ ಟ್ರೇಲರ್‌ಗೆ ಹೊಸ ಪೇಂಟ್ ಹೊಡೆಸಿ, ಒಣಗಿದ ಪೇಂಟಿನ ಮೇಲೆಯೇ ಲಗ್ (ಅರ್ತ್ ವೈರ್ ತುದಿಯ ತೂತಿನ ತಗಡು) ಇಟ್ಟು ಬಿಗಿದಿರುತ್ತಾರೆ. ನೋಡಲು ಬಿಗಿಯಾಗಿರುತ್ತದೆ, ಕರೆಂಟ್ ದಾಟುವುದು ಬೋಲ್ಟಿನ ಮರೆಯಲ್ಲಿ ಎಲ್ಲೋ ಒಂದು ಚುಕ್ಕಿಯಲ್ಲಿ. ಲಗ್ ಕೂರುವಷ್ಟು ಅಗಲಕ್ಕೆ ಪೇಂಟ್ ಕೆರೆದು, ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಎಮ್ರಿ ಪೇಪರ್ ಹಾಕಿ ಉಜ್ಜಿ. ಲಗ್ಗಿನ ಕೆಳಗೆ ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿನಿಂದ ಗ್ರೀಸ್ ಸವರಿ. ಮೊದಲು ಗ್ರೀಸ್ ಹಚ್ಚಿ ಆಮೇಲೆ ಬಿಗಿಯುವವರೂ ಇದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ.

ಇನ್ನೊಂದು ಕೆಟ್ಟ ಅಭ್ಯಾಸ, ಪ್ಲಗ್ಗಿನಲ್ಲಿ ಅರ್ತ್ ವೈರನ್ನೇ ಎಳೆಯದೆ ಕೊಕ್ಕೆಯ ಪಿನ್ನನ್ನೇ ಅರ್ತ್ ಎಂದು ನಂಬುವುದು. ಲೋಡ್ ಹೇರಿದಾಗ ಪಿನ್ ಡ್ರಾಬಾರಿಗೆ (ಟ್ರೇಲರ್ ಎಳೆಯುವ ಕಬ್ಬಿಣದ ತೊಲೆಗೆ) ಒತ್ತಿಕೊಂಡು ಲೈಟ್ ಉರಿಯುತ್ತದೆ. ಖಾಲಿ ಟ್ರೇಲರ್ ಹಳ್ಳಕ್ಕೆ ಇಳಿದು ಕುಲುಕಿದಾಗ ಪಿನ್ ಸಡಿಲಾಗಿ ಲೈಟ್ ಮಿನುಗುತ್ತದೆ. ‘ಲೋಡ್ ಇದ್ದಾಗ ಸರಿ, ಖಾಲಿ ಬರುವಾಗ ಕೈಕೊಡುತ್ತೆ’ ಎಂದು ಯಾರಾದರೂ ಹೇಳಿದರೆ ನೇರವಾಗಿ ಇದನ್ನೇ ನೋಡಿ.

ಎರಡು ಬ್ರೇಕ್ ಬಲ್ಬ್ 42 ವ್ಯಾಟ್, ಎರಡು ಟೈಲ್ 10, ಒಂದು ಬದಿಯ ಇಂಡಿಕೇಟರ್ 21. ಒಟ್ಟು 73 ವ್ಯಾಟ್, ಅಂದರೆ ಸುಮಾರು 6 ಆಂಪ್. ಇಷ್ಟೂ ಒಂದೇ ಅರ್ತ್ ವೈರಿನಲ್ಲಿ ವಾಪಸ್ ಬರಬೇಕು. ಆದ್ದರಿಂದ ಅರ್ತ್‌ಗೆ 2.5 ಚದರ ಮಿಲಿಮೀಟರ್, ಬ್ರೇಕಿಗೆ 1.5, ಉಳಿದವಕ್ಕೆ 1 ಸಾಕು. 12 ಅಡಿ ಟ್ರೇಲರ್‌ಗೆ ಡ್ರಾಬಾರೂ ಹಿಂದಿನ ಅಡ್ಡ ಓಟವೂ ಸೇರಿ ಒಂದೊಂದು ಬಣ್ಣದ ವೈರ್ 8 ಮೀಟರ್ ಬೇಕಾಗುತ್ತದೆ. ಬ್ರೇಕಿಗೆ ಅರ್ಧ ಚದರ ಮಿಲಿಮೀಟರಿನ ತೆಳು ವೈರ್ ಎಳೆದರೆ 8 ಮೀಟರಿನಲ್ಲಿ ಒಂದು ವೋಲ್ಟ್ ವೈರಿನಲ್ಲೇ ಕರಗುತ್ತದೆ. ಒಂದು ವೋಲ್ಟ್ ತಾನೇ ಎನ್ನಬೇಡಿ, ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುತ್ತದೆ: ಹತ್ತರಲ್ಲಿ ಒಂದು ಪಾಲು ವೋಲ್ಟ್ ಹೋದರೆ ಬೆಳಕಿನಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು. ಮನೆ ವೈರಿಂಗಿನ ಒಂಟಿ ಎಳೆಯ ವೈರ್ ಬೇಡ, ಅದುರಾಟಕ್ಕೆ ಬೋಲ್ಟಿನ ಬುಡದಲ್ಲಿ ಮುರಿಯುತ್ತದೆ.

ಏಳು ಪಿನ್ನಿನ ದುಂಡು ಪ್ಲಗ್ಗಿನೊಳಗೆ ಸಂಖ್ಯೆ ಕೆತ್ತಿರುತ್ತದೆ. ಈ ಪ್ಲಗ್ಗಿನ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ 1724 ಕ್ರಮದಲ್ಲಿ 1 ಎಡ ಇಂಡಿಕೇಟರ್ ಹಳದಿ, 2 ಹಿಂದಿನ ಫಾಗ್ ಲ್ಯಾಂಪ್ ನೀಲಿ, 3 ಅರ್ತ್ ಬಿಳಿ, 4 ಬಲ ಇಂಡಿಕೇಟರ್ ಹಸಿರು, 5 ಬಲ ಟೈಲ್ ಕಂದು, 6 ಬ್ರೇಕ್ ಕೆಂಪು, 7 ಎಡ ಟೈಲ್ ಕಪ್ಪು. ಆದರೆ ಹಳೇ ಟ್ರೇಲರಿನ ಬಣ್ಣ ನಂಬಿ ಜೋಡಿಸಬೇಡಿ. ಅಂಗಡಿಯಲ್ಲಿ ಅವತ್ತು ಸಿಕ್ಕ ಬಣ್ಣ ಎಳೆದಿರುತ್ತಾರೆ, ಟೆಸ್ಟ್ ಲ್ಯಾಂಪ್ ಇಟ್ಟು ಒಂದೊಂದೂ ಖಾತ್ರಿ ಮಾಡಿಕೊಳ್ಳಿ.

ಪ್ಲಗ್ಗಿನ ಹಿತ್ತಾಳೆ ಪಿನ್ನು ನಡುವೆ ಸೀಳಿರುತ್ತದೆ. ಹಾಕಿ ತೆಗೆದು ಆ ಸೀಳು ಮುಚ್ಚಿಕೊಂಡು ಪಿನ್ ಸಡಿಲಾಗುತ್ತದೆ. ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಕೂದಲೆಳೆಯಷ್ಟು ಅಗಲಿಸಿದರೆ ಸಾಕು. ಗದ್ದೆ ಬದಿ, ನಾಲೆ ಏರಿ ಮೇಲೆ ಓಡಾಡುವ ಗಾಡಿಯಲ್ಲಿ ಸಾಕೆಟ್ ತುಂಬ ಕೆಸರು, ಅದರಡಿ ಹಸಿರು ಕಿಲುಬು. ಕೆರೆದು ಒರೆಸಿ ತೆಳ್ಳಗೆ ವ್ಯಾಸಲೀನ್ ಹಚ್ಚಿ. ಪ್ಲಗ್ಗಿನ ಹತ್ತಿರ ವೈರನ್ನು ಉಗುರಿನಲ್ಲಿ ಒತ್ತಿ ನೋಡಿ. ಒಳಗೆ ಚರಚರ ಎಂದರೆ ತಾಮ್ರ ಪುಡಿಯಾಗಿದೆ. ಸಿಪ್ಪೆ ಸುಲಿದಾಗ ಎಳೆಗಳು ಕಪ್ಪಗಿದ್ದರೆ ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗಿ. ಕೆಲವೊಮ್ಮೆ ಒಂದಡಿಯೇ ಹೋಗುತ್ತದೆ. ಕಪ್ಪು ಎಳೆ ಸೇರಿಸಿ ಟೇಪ್ ಸುತ್ತಿದರೆ ಮಳೆಗಾಲದ ನೀರು ಟೇಪಿನೊಳಗೇ ಕೂತು ಮತ್ತೆ ಅದೇ ಕಥೆ. ಕ್ರಿಂಪ್ ಮಾಡಿ (ಲೋಹದ ಕೊಳವೆಯೊಳಗೆ ಎಳೆ ಇಟ್ಟು ಅದುಮಿ), ಬಿಸಿಗೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಟ್ಯೂಬ್ ಹಾಕುವುದೇ ವಾಸಿ.

ಅರ್ತ್ ಅಲ್ಲದ ತೊಂದರೆಗಳೂ ಇವೆ. ಟೈಲ್ ಹಾಕಿದರೆ ಬ್ರೇಕ್ ಲೈಟೂ ಹತ್ತಿಕೊಂಡರೆ, ಎರಡು ಚುಕ್ಕಿಯ (ಕರೆಂಟ್ ತಾಗುವ ಬಿಂದುವಿನ) ಹೋಲ್ಡರಿಗೆ ಒಂದು ಚುಕ್ಕಿಯ ಬಲ್ಬ್ ತುರುಕಿದ್ದಾರೆಯೇ ನೋಡಿ. ಬ್ರೇಕಿಗೆ 21, ಟೈಲಿಗೆ 5 ವ್ಯಾಟ್ ಇರುವ 21/5 ಬಲ್ಬಿನ ಬುಡದ ಎರಡು ಕಿವಿ ಬೇರೆ ಬೇರೆ ಎತ್ತರದಲ್ಲಿರುತ್ತವೆ, ಒಂದೇ ರೀತಿ ಕೂರುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಸ್ವಿಚ್ ಒಂದೇ ಪೆಡಲಿಗೆ ಇರುತ್ತದೆ. ಎರಡು ಪೆಡಲ್ ಸೇರಿಸುವ ಲಾಕ್ ಬಿಚ್ಚಿಟ್ಟು ಇನ್ನೊಂದನ್ನು ತುಳಿದರೆ ಲೈಟ್ ಬಾರದು. ರಸ್ತೆಗೆ ಇಳಿಯುವಾಗ ಲಾಕ್ ಹಾಕಲೇಬೇಕು, ಲೈಟಿಗಿಂತ ಮುಖ್ಯವಾಗಿ ಗಾಡಿ ಒಂದು ಕಡೆಗೆ ಎಳೆಯದಿರಲು. ಟ್ರೇಲರ್ ಸೇರಿಸಿದ ಮೇಲೆ ಇಂಡಿಕೇಟರ್ ಬಡಿಯುವ ವೇಗ ಬದಲಾದರೆ ಹಳೇ ಥರ್ಮಲ್ ಫ್ಲ್ಯಾಶರ್ ಇದೆ, ಟ್ರೇಲರಿನ ಬಲ್ಬೂ ಲೆಕ್ಕ ಹಾಕಿ ಅಷ್ಟು ವ್ಯಾಟ್ ತಡೆಯುವ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕಿ.

ಫ್ಯೂಸ್ ಹಾಕಿದ ತಕ್ಷಣ ಹೋಗುತ್ತಿದ್ದರೆ ದಪ್ಪ ಫ್ಯೂಸ್ ಹಾಕಬೇಡಿ, ತಾಮ್ರದ ಎಳೆ ಸುತ್ತುವುದಂತೂ ಬೇಡವೇ ಬೇಡ, ವೈರೇ ಹೊತ್ತಿಕೊಳ್ಳುತ್ತದೆ. ಟ್ರೇಲರ್ ಹೊರೆಯೇ ಒಣ ಸೋಗೆ, ತರಗು. ಆ ಸಾಲಿನ ಬಲ್ಬ್‌ಗಳನ್ನೆಲ್ಲ ತೆಗೆದು, ಫ್ಯೂಸ್ ಜಾಗದಲ್ಲಿ ಅದೇ 21 ವ್ಯಾಟ್ ಟೆಸ್ಟ್ ಲ್ಯಾಂಪ್ ಕಚ್ಚಿಸಿ. ಶಾರ್ಟ್ ಇರುವವರೆಗೆ ಅದು ಪ್ರಕಾಶವಾಗಿ ಉರಿಯುತ್ತದೆ. ಮುಂದಿನಿಂದ ವೈರ್ ಅಲ್ಲಾಡಿಸುತ್ತಾ ಹಿಂದಕ್ಕೆ ಹೋಗಿ, ಎಲ್ಲಿ ಆರುತ್ತದೋ ಅಲ್ಲಿ ಉಜ್ಜಿದೆ. ಇಲಿ ಕಚ್ಚಿದ್ದು, ಬಾಡಿ ಎತ್ತುವಾಗ ಚಾಸಿಗೆ ಸಿಕ್ಕಿ ಜಜ್ಜಿದ್ದು, ಹೆಚ್ಚುಕಡಿಮೆ ಇವೆರಡೇ.

ಎಲ್ಲ ಸರಿಮಾಡಿದ ಮೇಲೆ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಪ್ಲಗ್ಗಿನ ವೈರ್ ಬಿಗಿಯಾಗುತ್ತದೆಯೇ, ನೆಲಕ್ಕೆ ತಾಗುತ್ತದೆಯೇ ನೋಡಿ. ಕಬ್ಬು ತುಂಬಿದ ಮೇಲೆ ಹಿಂದೆ ನಿಂತು ಇನ್ನೊಮ್ಮೆ ನೋಡಿ, ಜೋತುಬಿದ್ದ ಸೋಗೆ ಲ್ಯಾಂಪನ್ನೇ ಮುಚ್ಚಿರುತ್ತದೆ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಟ್ರ್ಯಾಕ್ಟರ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲ ಒಟ್ಟಿಗೆ, ಕತ್ತಲೆಯಲ್ಲಿ ಹಿಂದಿನಿಂದ ಬರುವ ಬೈಕಿನವನಿಗೆ ಕಾಣುವುದು ನಿಮ್ಮ ಟೈಲ್ ಲೈಟ್ ಮಾತ್ರ. ಹಿಂಬಾಗಿಲಿನ ತಳಪಟ್ಟಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿಡಿ, ಅದಕ್ಕೆ ಅರ್ತ್ ಬೇಕಿಲ್ಲ. ಟ್ರೇಲರ್ ಬಿಚ್ಚಿದಾಗ ಪ್ಲಗ್ಗನ್ನು ಡ್ರಾಬಾರಿನ ಮೇಲೆ ಬಿಸಾಡದೆ ಒಂದು ಕೊಂಡಿ ಮಾಡಿ ಬಾಯಿ ಕೆಳಗಾಗಿ ನೇತುಹಾಕಿ, ನೀರು ತಾನೇ ಇಳಿದುಹೋಗುತ್ತದೆ.