ಆನ್‌ಲೈನ್‌ನಲ್ಲಿ ಟೈರ್ ತರಿಸುವವರಿಗೆ

ಆರ್ಡರ್ ಮಾಡುವಾಗ ಸೈಜ್ ಒಂದನ್ನೇ ನೋಡಿದರೆ ಸಾಲದು. 205/55 ಆರ್16 91ವಿ ಎಂದಿದ್ದರೆ, 91 ಅಂದರೆ ಒಂದು ಟೈರ್ 615 ಕೆ.ಜಿ. ಹೊರಬಲ್ಲದು, ವಿ ಅಂದರೆ ಗಂಟೆಗೆ 240 ಕಿ.ಮೀ. ಮಿತಿ. ಕಾರ್ ಕಂಪನಿ ಹೇಳಿದ್ದಕ್ಕಿಂತ ಕಡಿಮೆಯದು ಬೇಡ, ಎಷ್ಟೇ ಅಗ್ಗವಿರಲಿ.

ಟೈರ್ ಬಂದ ಕೂಡಲೇ ಅದರ ಬದಿಯಲ್ಲಿ DOT ಎಂದು ಶುರುವಾಗುವ ತಯಾರಿಕೆಯ ಗುರುತಿನ (ಡಿಓಟಿ) ಕೋಡ್‌ನ ಕೊನೆಯ ನಾಲ್ಕು ಅಂಕಿ ನೋಡಿ: 2324 ಅಂದರೆ 2024ರ 23ನೇ ವಾರದ್ದು. ಹಲವು ಟೈರ್‌ಗಳಲ್ಲಿ ಇದು ಒಂದೇ ಬದಿಯಲ್ಲಿರುತ್ತದೆ, ಕಾಣದಿದ್ದರೆ ತಿರುಗಿಸಿ ನೋಡಿ. ರಿಮ್‌ಗೆ ಏರಿಸಿದ ಮೇಲೆ ವಾಪಸ್ ಮಾಡುವುದು ಕಷ್ಟ.

ಫಿಟ್ಟಿಂಗ್ ದರದಲ್ಲಿ ಹೊಸ ವಾಲ್ವ್, ಬ್ಯಾಲೆನ್ಸಿಂಗ್ ಸೇರಿದೆಯೇ ಮೊದಲೇ ಕೇಳಿಕೊಳ್ಳಿ. ಎರಡೇ ಹಾಕಿಸುವುದಾದರೆ ಹೊಸವು ಹಿಂದಕ್ಕೆ. ಸವೆದವು ಹಿಂದಿದ್ದರೆ ಒದ್ದೆ ರಸ್ತೆಯ ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರುತ್ತದೆ. ಚಕ್ರದ ನಟ್‌ಗಳನ್ನು ಕೊನೆಗೆ ಟಾರ್ಕ್ ರೆಂಚ್‌ನಲ್ಲೇ (ನಿಗದಿತ ಬಲದಷ್ಟೇ ಬಿಗಿಸುವ ಸ್ಪ್ಯಾನರ್) ಬಿಗಿಸಲಿ, 80–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.